ಬೇಸಿಗೆಗೆ ಸೈಲೇಜ್: ಐದು ಹಸುಗಳ ಮನೆಯಲ್ಲಿ ಮುಸುಕಿನ ಜೋಳ ಕೊಯ್ದು ರಸಮೇವು ಕಟ್ಟುವ ಬಗೆ

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುವ ಹೊತ್ತಿಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಬದುವಿನ ಹುಲ್ಲು ಒಣಗಿರುತ್ತದೆ. ಕೊಳವೆಬಾವಿಯ ನೀರೂ ಇಳಿಮುಖ. ಬಣವೆಯಲ್ಲಿ ರಾಗಿಹುಲ್ಲು ಎಷ್ಟೇ ಇರಲಿ, ಒಣಹುಲ್ಲೊಂದನ್ನೇ ನಂಬಿದರೆ ಹಾಲು ಇಳಿಯುತ್ತದೆ. ಅಕ್ಟೋಬರ್ ಕೊನೆಯಲ್ಲಿ ಬಿತ್ತಿದ ಮುಸುಕಿನ ಜೋಳ ಚಳಿಗಾಲದಲ್ಲಿ ತುಸು ನಿಧಾನವಾಗಿ ಬೆಳೆದು, ಜನವರಿ ಕೊನೆಗೋ ಫೆಬ್ರುವರಿ ಮೊದಲಿಗೋ ಹದಕ್ಕೆ ಬರುತ್ತದೆ. ಅದನ್ನು ಆಗಲೇ ಕೊಯ್ದು, ಕತ್ತರಿಸಿ, ಗಾಳಿಯಾಡದಂತೆ ಕಟ್ಟಿ ಹುಳಿಯಲು ಬಿಟ್ಟರೆ ಯುಗಾದಿ ಸುಮಾರಿಗೆ ತೆರೆದು ಮುಂಗಾರಿನ ಹಸಿಹುಲ್ಲು ಬರುವ ತನಕ ತಿನ್ನಿಸಬಹುದು.

ಇಲಾಖೆಯವರು ಇದನ್ನು ರಸಮೇವು ಅನ್ನುತ್ತಾರೆ, ಊರಲ್ಲಿ ಎಲ್ಲರ ಬಾಯಲ್ಲೂ ಸೈಲೇಜ್. ಅದು ಕೆಡುವುದು ಬಹುಪಾಲು ಗಾಳಿಯಿಂದ. ಕೊಯ್ಲಿನ ಹದ, ತುಂಡಿನ ಉದ್ದ, ತುಳಿತ, ಚೀಲದ ಗಾತ್ರ, ಹೀಗೆ ಮುಂದೆ ಬರುವ ಅಳತೆಗಳೆಲ್ಲ ಗಾಳಿಯನ್ನು ಹೊರಗಿಡುವುದಕ್ಕಾಗಿಯೇ ಇವೆ. ಜೋಳವನ್ನು ಚೆನ್ನಾಗಿ ಬೆಳೆದು, ಕಟ್ಟುವಾಗಲೂ ತೆರೆಯುವಾಗಲೂ ಎಡವುವವರೇ ಹೆಚ್ಚು.

ಮೊದಲು ಲೆಕ್ಕ

ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 15 ಕೆ.ಜಿ. ಸೈಲೇಜ್ ಎಂದಿಟ್ಟುಕೊಳ್ಳಿ. ಐದು ಹಸುಗಳಿಗೆ 75 ಕೆ.ಜಿ. ನೂರು ದಿನಕ್ಕೆ 7,500 ಕೆ.ಜಿ. ಹುಳಿಯುವಾಗ ಕರಗುವುದು, ಅಂಚಿನಲ್ಲಿ ಕೆಡುವುದು, ಗೋದಲಿಯಲ್ಲಿ ಹಸು ಬಿಡುವುದು ಎಲ್ಲ ಸೇರಿ ಶೇ. 15ರಿಂದ 20ರಷ್ಟು ಕಳೆಯುತ್ತದೆ. ಆದ್ದರಿಂದ ಹೊಲದಿಂದ ಬರಬೇಕಾದದ್ದು ಹತ್ತಿರ ಹತ್ತಿರ 9 ಟನ್ ಹಸಿಮೇವು.

ನೀರಾವರಿ ಜೋಳ ಎಕರೆಗೆ 15 ಟನ್ ಬಂದರೆ ಗುಂಟೆಗೆ 375 ಕೆ.ಜಿ. ಆಯಿತು. ಅಂದರೆ 24 ಗುಂಟೆ ಸಾಕು. ಅಂದಾಜು ಬೇಡ, ತೂಗಿಯೇ ನೋಡುತ್ತೇವೆ ಅನ್ನುವವರು ಹೊಲದ ನಡುವೆ 10 ಅಡಿ ಉದ್ದ, 10 ಅಡಿ ಅಗಲದ ಜಾಗ ಗುರುತು ಮಾಡಿ, ಅಷ್ಟನ್ನೂ ಕೊಯ್ದು ತೂಗಿ, ಬಂದ ತೂಕವನ್ನು 11ರಿಂದ ಗುಣಿಸಿ. ಗುಂಟೆಯ ಇಳುವರಿ ಸಿಗುತ್ತದೆ. ಬದುವಿನ ಅಂಚಿನ ಗಿಡಗಳಿಗೆ ಬಿಸಿಲು, ಜಾಗ ಹೆಚ್ಚು ಸಿಕ್ಕಿರುತ್ತದೆ. ಅಲ್ಲಿ ಕೊಯ್ದು ತೂಗಿದರೆ ಲೆಕ್ಕ ದಾರಿ ತಪ್ಪುತ್ತದೆ.

ತಳಿಯ ಬಗ್ಗೆ ಒಂದು ಮಾತು. ಆಫ್ರಿಕನ್ ಟಾಲ್ ಎತ್ತರಕ್ಕೆ ಬೆಳೆದು ಕಣ್ಣಿಗೆ ತುಂಬುತ್ತದೆ, ಹಸಿಮೇವಿಗೆ ಒಳ್ಳೆಯದು. ಸೈಲೇಜಿನ ಬಲ ಇರುವುದು ಮಾತ್ರ ತೆನೆಯಲ್ಲಿ. ಎಲೆ ಹಸಿರು ಉಳಿಸಿಕೊಂಡೇ ತೆನೆ ತುಂಬುವ ಹೈಬ್ರಿಡ್ ಕಾಳಿನ ಜೋಳವೇ ಇದಕ್ಕೆ ಮೇಲು. ಬೇಬಿಕಾರ್ನ್ ಕಿತ್ತ ದಂಟನ್ನೂ, ಹಸಿ ತೆನೆ ಮಾರಿದ ದಂಟನ್ನೂ ಸೈಲೇಜ್ ಮಾಡಬಹುದು. ಕಾಳು ಇಲ್ಲದ ಕಾರಣ ಅದರಲ್ಲಿ ಶಕ್ತಿ ಕಡಿಮೆ, ನೀರು ಜಾಸ್ತಿ. ಕೊಯ್ದು ಅರ್ಧ ದಿನ ಬಾಡಿಸಿ ಆಮೇಲೆ ಕತ್ತರಿಸಬೇಕು.

ಗುಂಡಿಯೋ ಚೀಲವೋ

ಗುಂಡಿ ಅಂದರೆ ದೊಡ್ಡದಾಗಿಯೇ ಇರಬೇಕು ಎಂಬ ನಂಬಿಕೆ ಗಟ್ಟಿಯಾಗಿದೆ. ಸಣ್ಣ ಹಿಡುವಳಿಯ ಮನೆಗಳಲ್ಲಿ ಸೈಲೇಜ್ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ.

ಚೆನ್ನಾಗಿ ತುಳಿದ ಸೈಲೇಜ್ ಒಂದು ಘನ ಅಡಿಗೆ ಸುಮಾರು 16 ಕೆ.ಜಿ. ತೂಗುತ್ತದೆ. ಗುಂಡಿ ತೆರೆದ ಮೇಲೆ ಎದುರಿನ ಮೈಯಿಂದ ದಿನಕ್ಕೆ ಕನಿಷ್ಠ ಅರ್ಧ ಅಡಿಯಷ್ಟನ್ನು ಕೆರೆದು ತೆಗೆಯುತ್ತಿರಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚಾದರೆ ಒಳಿತು. ಅದಕ್ಕಿಂತ ನಿಧಾನವಾದರೆ ಗಾಳಿ ಒಳಸೇರಿ, ಇವತ್ತು ಚೆನ್ನಾಗಿದ್ದ ಮೇವು ನಾಡಿದ್ದಿಗೆ ಬಿಸಿಯಾಗುತ್ತದೆ. 6 ಅಡಿ ಅಗಲ, 5 ಅಡಿ ಆಳದ ಗುಂಡಿಯ ಮೈ 30 ಚದರ ಅಡಿ. ಅದರಿಂದ ಅರ್ಧ ಅಡಿ ಕೆರೆದರೆ 240 ಕೆ.ಜಿ. ಬೀಳುತ್ತದೆ. ಐದು ಹಸುಗಳಿಗೆ ಬೇಕಾದದ್ದು 75 ಕೆ.ಜಿ. ಅಷ್ಟನ್ನೇ ತೆಗೆದರೆ ಮೈ ಸರಿಯುವುದು ಎರಡು ಅಂಗುಲಕ್ಕೂ ಕಡಿಮೆ. ಗುಂಡಿಯನ್ನು ಎಷ್ಟು ಚೆನ್ನಾಗಿ ತುಂಬಿದ್ದರೂ ಏಪ್ರಿಲ್ ಬಿಸಿಲಿಗೆ ಅದು ಉಳಿಯುವುದಿಲ್ಲ.

ಆದ್ದರಿಂದ ಐದಾರು ಹಸುಗಳ ಮನೆಗೆ 500 ಕೆ.ಜಿ. ಚೀಲವೇ ಸರಿ. ಮೂರು ಅಡಿ ಅಡ್ಡಗಲದ ಚೀಲವಾದರೆ ದಿನಕ್ಕೆ ಏಳೆಂಟು ಅಂಗುಲ ಇಳಿಯುತ್ತದೆ, ವಾರದೊಳಗೆ ಖಾಲಿ. 9 ಟನ್ನಿಗೆ 18 ಚೀಲ ಬೇಕು. ಚೀಲದ ಇನ್ನೊಂದು ಅನುಕೂಲ ಮೇವು ಕತ್ತರಿಸುವ ಯಂತ್ರಕ್ಕೆ ಬೇಕಾದ ಕರೆಂಟಿನದು. ಗುಂಡಿಯನ್ನು ಒಂದೇ ದಿನದಲ್ಲಿ, ತಪ್ಪಿದರೆ ಎರಡನೇ ದಿನದೊಳಗೆ ತುಂಬಿ ಮುಚ್ಚಲೇಬೇಕು. ಚೀಲವಾದರೆ ಸಂಜೆಯೊಳಗೆ ಕಟ್ಟಲಾಗುವಷ್ಟನ್ನೇ ಕೊಯ್ದು, ಉಳಿದ ಪೈರನ್ನು ಹೊಲದಲ್ಲೇ ನಿಲ್ಲಿಸಬಹುದು. ತ್ರೀಫೇಸ್ ಯಾವ ಪಾಳಿಯಲ್ಲಿ ಬರುತ್ತದೋ ಗೊತ್ತಿಲ್ಲದ ಊರುಗಳಲ್ಲಿ ಇದು ದೊಡ್ಡ ನೆಮ್ಮದಿ.

ಹತ್ತು ಹನ್ನೆರಡು ಹಸುಗಳಿದ್ದರೆ ಗುಂಡಿ ಹೊಂದುತ್ತದೆ. 12 ಹಸುಗಳಿಗೆ ದಿನಕ್ಕೆ 180 ಕೆ.ಜಿ. ನಾಲ್ಕೂವರೆ ಅಡಿ ಅಗಲ, ಅಷ್ಟೇ ಆಳ ಇಟ್ಟರೆ ಮೈ ದಿನಕ್ಕೆ ಆರೂವರೆ ಅಂಗುಲ ಸರಿಯುತ್ತದೆ. ನೂರು ದಿನದ ಮೇವಿಗೆ, ಕಳೆಯುವ ಪಾಲೂ ಸೇರಿ, ಒಟ್ಟು 67 ಅಡಿ ಉದ್ದ ಬೇಕು. ಅದನ್ನು ಒಂದೇ ಗುಂಡಿ ಮಾಡದೆ 34 ಅಡಿಯ ಎರಡು ಗುಂಡಿ ಮಾಡಿ. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ.

ಕೊಯ್ಲಿನ ಹದ

ಹದ ಅಂದರೆ ಪೂರ್ತಿ ಗಿಡದಲ್ಲಿ ಒಣಪದಾರ್ಥ ಶೇ. 30ರಿಂದ 35, ಮಿಕ್ಕದ್ದು ನೀರು. ಬಿತ್ತಿದ ದಿನದಿಂದ ಎಣಿಸುವುದನ್ನು ನೆಚ್ಚಿಕೊಳ್ಳಬೇಡಿ. ಚಳಿ, ನೀರು, ತಳಿ ಮೂರರ ಮೇಲೂ ಅದು ಹತ್ತು ದಿನ ಹಿಂದೆಮುಂದೆ ಆಗುತ್ತದೆ. ತೆನೆಯನ್ನೇ ಕೇಳಬೇಕು.

ಹೊಲದ ಬೇರೆ ಬೇರೆ ಕಡೆಯಿಂದ ನಾಲ್ಕೈದು ತೆನೆ ಕಿತ್ತು, ಸಿಪ್ಪೆ ಸುಲಿದು, ನಡುವೆ ಎರಡು ತುಂಡಾಗಿ ಮುರಿಯಿರಿ. ತುದಿಯ ಕಡೆಯ ತುಂಡನ್ನು ಕೈಯಲ್ಲಿ ಹಿಡಿದು ಮುರಿದ ಮೈಯ ಕಾಳುಗಳನ್ನು ನೋಡಿ. ಪ್ರತಿ ಕಾಳಿನ ಹೊರತುದಿ ಹಳದಿಯಾಗಿ ಗಟ್ಟಿಯಾಗಿರುತ್ತದೆ, ದಿಂಡಿನ ಕಡೆಯ ಬುಡ ಇನ್ನೂ ಬೆಳ್ಳಗೆ ಹಾಲುಹಾಲಾಗಿರುತ್ತದೆ. ಎರಡರ ನಡುವೆ ಒಂದು ಗೆರೆ ಕಾಣುತ್ತದೆ. ಉಗುರಿನಿಂದ ಹೊರತುದಿಯಿಂದ ಬುಡದ ಕಡೆಗೆ ಒತ್ತುತ್ತ ಬನ್ನಿ. ಎಲ್ಲಿ ಉಗುರು ಇಳಿದು ಹಾಲು ಚಿಮ್ಮುತ್ತದೋ ಗೆರೆ ಅಲ್ಲಿದೆ. ಗೆರೆ ಕಾಳಿನ ಅರ್ಧಕ್ಕೆ ಬಂದಿದ್ದರೆ ಕುಡುಗೋಲು ಮಸೆಯಿರಿ. ಮೂರರಲ್ಲಿ ಎರಡು ಪಾಲು ದಾಟುವ ಮೊದಲು ಕೊಯ್ಲು ಮುಗಿಯಬೇಕು.

ತೆನೆ ನೋಡಿದ ಮೇಲೆ ಮುಷ್ಟಿ ಪರೀಕ್ಷೆ. ಎರಡು ಗಿಡವನ್ನು ಪೂರ್ತಿ ಕತ್ತರಿಸಿ, ಒಂದು ಹಿಡಿ ತುಂಡನ್ನು ಅರ್ಧ ನಿಮಿಷ ಬಿಗಿಯಾಗಿ ಹಿಂಡಿ, ಕೈ ಬಿಡಿ. ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿ ಉಂಡೆ ಹಾಗೇ ನಿಂತರೆ ನೀರು ಜಾಸ್ತಿ. ಉಂಡೆ ಮೆಲ್ಲಗೆ ಬಿಚ್ಚಿಕೊಂಡು ಅಂಗೈ ಬರೀ ತೇವವಾಗಿದ್ದರೆ ಹದ. ಕೈ ಬಿಟ್ಟೊಡನೆ ಉದುರಿದರೆ ಒಣಗಿದೆ.

ಗ್ರಾಂ ಲೆಕ್ಕದಲ್ಲಿ ತೂಗುವ ಅಡುಗೆಮನೆಯ ತೂಕದ ಯಂತ್ರ ಇದ್ದರೆ ಇನ್ನೂ ನಿಖರವಾಗಿ ತಿಳಿಯಬಹುದು. ಕತ್ತರಿಸಿದ ಮೇವನ್ನು 100 ಗ್ರಾಂ ತೂಗಿ, ಸಣ್ಣ ಉರಿಯ ಬಾಣಲೆಯಲ್ಲಿ ಸೀಯದಂತೆ ಕೈಯಾಡಿಸುತ್ತ ಒಣಗಿಸಿ. ಆಗಾಗ ತೂಗಿ. ತೂಕ ಇನ್ನು ಇಳಿಯದು ಅನ್ನುವಾಗ 32 ಗ್ರಾಂ ಉಳಿದರೆ ಒಣಪದಾರ್ಥ ಶೇ. 32. ಈ ಹಂತದಲ್ಲಿ ಪೈರು ದಿನಕ್ಕೆ ಸುಮಾರು ಅರ್ಧ ಶೇಕಡಾ ಒಣಗುತ್ತ ಹೋಗುತ್ತದೆ. ಇವತ್ತು 28 ಬಂದರೆ ಇನ್ನು ಐದಾರು ದಿನ ಕಾಯಬಹುದು.

ಬೇಗ ಕೊಯ್ದರೆ ರಸ ತಳಕ್ಕಿಳಿದು ಸತ್ವವೂ ಹೋಗುತ್ತದೆ, ಕೊಳೆತ ತುಪ್ಪದಂಥ ನಾತವೂ ಹುಟ್ಟುತ್ತದೆ. ತಡವಾದರೆ ದಂಟು ಬಿರುಸಾಗಿ ತುಳಿತಕ್ಕೆ ಜಗ್ಗುವುದಿಲ್ಲ, ಸಂದಿಗಳಲ್ಲಿ ಗಾಳಿ ಉಳಿಯುತ್ತದೆ. ಜೊತೆಗೆ ಬಲಿತ ಕಾಳು ಜೀರ್ಣವಾಗದೆ ಸಗಣಿಯಲ್ಲಿ ಹಾಗೇ ಬೀಳುತ್ತದೆ.

ಸೈನಿಕ ಹುಳುವಿಗೆ ಔಷಧಿ ಹೊಡೆದಿದ್ದರೆ ಡಬ್ಬಿಯ ಮೇಲೆ ಬರೆದ ಕಾಯುವ ದಿನ ಮುಗಿಯದೆ ಕೊಯ್ಯಬೇಡಿ. 2018ರಲ್ಲಿ ನಮ್ಮ ಶಿವಮೊಗ್ಗದಲ್ಲೇ ದೇಶದಲ್ಲಿ ಮೊದಲು ಕಾಣಿಸಿಕೊಂಡ ಈ ಹುಳು ಜೋಳದ ಹೊಲಕ್ಕೆ ಖಾಯಂ ಆಗಿಬಿಟ್ಟಿದೆ. ಅದಕ್ಕೇ ಸಿಂಪಡಣೆಯನ್ನು ಸುಳಿ ಎಳೆಯದಾಗಿರುವಾಗಲೇ ಮುಗಿಸಿಕೊಳ್ಳುವುದು ಜಾಣತನ.

ಕೊಯ್ದು ಕತ್ತರಿಸುವುದು

ಇಬ್ಬನಿ ಆರಿದ ಮೇಲೆ ಕೊಯ್ಲು ಶುರು ಮಾಡಿ. ನೆಲದಿಂದ ಆರೇಳು ಅಂಗುಲ ಬಿಟ್ಟು ಕತ್ತರಿಸಿ. ಬುಡಕ್ಕೇ ಕುಡುಗೋಲು ಹಾಕಿದರೆ ನಾಲ್ಕು ಹೊರೆ ಹೆಚ್ಚು ಸಿಗಬಹುದು, ಆದರೆ ಅದರ ಜೊತೆ ಮಣ್ಣೂ ಬರುತ್ತದೆ, ಮಣ್ಣಿನಲ್ಲಿರುವ ಕೆಡಿಸುವ ಸೂಕ್ಷ್ಮಜೀವಿಗಳೂ ಬರುತ್ತವೆ. ನೀರಿಲ್ಲದೆ ಸೊರಗಿದ ಪೈರು, ಯೂರಿಯಾ ಹೆಚ್ಚು ಉಂಡ ಪೈರಾದರೆ ಒಂದು ಅಡಿ ಬಿಡಿ. ಅಂಥ ಗಿಡದಲ್ಲಿ ನೈಟ್ರೇಟ್ ವಿಷ ಕೂಡುವುದು ಬುಡದ ದಂಟಿನಲ್ಲಿ.

ಕೊಯ್ದ ಹೊರೆ ನೆಲಕ್ಕೆ ತಾಗದಂತೆ ಟಾರ್ಪಾಲಿನ ಮೇಲೆ ಹಾಕಿ. ತುಂಡು ಅರ್ಧದಿಂದ ಮುಕ್ಕಾಲು ಅಂಗುಲ ಇರಲಿ. ಹಸಿಮೇವಿಗೆಂದು ಎರಡು ಅಂಗುಲಕ್ಕೆ ಇಟ್ಟ ಯಂತ್ರದಲ್ಲಿ ಹಾಗೇ ಕತ್ತರಿಸಿದರೆ ಎಷ್ಟು ತುಳಿದರೂ ಸ್ಪ್ರಿಂಗಿನಂತೆ ಮೇಲೇಳುತ್ತದೆ. ಶುರು ಮಾಡುವ ಮುನ್ನ ಬ್ಲೇಡ್ ಸಾಣೆ ಹಿಡಿಸಿ. ತುಂಡಿನ ತುದಿ ನಾರುನಾರಾಗಿ ಜಜ್ಜಿದಂತೆ ಬಂದರೆ ಬ್ಲೇಡ್ ಮೊಂಡಾಗಿದೆ ಎಂದರ್ಥ. ಕಾಳು ಇಡಿಯಾಗಿ ಉಳಿಯದೆ ಒಡೆದಿರಬೇಕು. ಒಂದು ಮಂಕರಿಯಲ್ಲಿ ಕೈಯಾಡಿಸಿ ನೋಡಿ.

ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು, ಮುಂಗೈ ಕೊಟ್ಟವರು ಊರೂರಲ್ಲಿ ಇದ್ದಾರೆ. ಮೇವನ್ನು ಯಾವಾಗಲೂ ಬುಡ ಮುಂದಾಗಿ ಕೊಡಿ, ಕೊನೆಯ ಗೇಣನ್ನು ಕೈಯಿಂದ ತಳ್ಳದೆ ಅದರ ಹಿಂದೆ ಬರುವ ಹಿಡಿ ದಂಟಿನಿಂದಲೇ ತಳ್ಳಿ. ಸೆರಗು, ಟವೆಲು, ಉದ್ದ ತೋಳಿನ ಅಂಗಿ ಬೇಡ. ಸಿಕ್ಕಿಕೊಂಡದ್ದನ್ನು ಬಿಡಿಸಲು ಸ್ವಿಚ್ ಆರಿಸಿದರೆ ಸಾಲದು, ಚಕ್ರ ಪೂರ್ತಿ ನಿಲ್ಲುವ ತನಕ ಕಾಯಬೇಕು.

ಬೆಲ್ಲ, ಉಪ್ಪು, ಯೂರಿಯಾ

ಹದವಾದ ಮುಸುಕಿನ ಜೋಳಕ್ಕೆ ಇದ್ಯಾವುದೂ ಬೇಡ. ಹುಳಿಯಲು ಬೇಕಾದ ಸಕ್ಕರೆ ಗಿಡದಲ್ಲೇ ಇದೆ. ಬೆಲ್ಲದ ನೀರು ಚಿಮುಕಿಸುವುದು ನೇಪಿಯರ್‌ನಂಥ ಹುಲ್ಲಿಗೆ, ಕುದುರೆ ಮೆಂತೆಯಂಥ ದ್ವಿದಳ ಮೇವಿಗೆ ಉಪಯೋಗ. ಅವಕ್ಕಾದರೆ ಟನ್ನಿಗೆ 20 ಕೆ.ಜಿ. ಬೆಲ್ಲ ಹಾಕಿ. ಯೂರಿಯಾ ಬೆರೆಸಿ ಪ್ರೋಟೀನ್ ಏರಿಸುವ ಪದ್ಧತಿಯೂ ಇದೆ. ಸಮನಾಗಿ ಬೆರೆಯದೆ ಒಂದೆಡೆ ಗುಡ್ಡೆಯಾಗಿ ಉಳಿದರೆ ಅದನ್ನು ತಿಂದ ಹಸುವಿಗೆ ವಿಷವಾಗುತ್ತದೆ. ಮಂಕರಿಯಲ್ಲಿ ತುಂಬಿ ಕಾಲಲ್ಲಿ ತುಳಿಯುವ ಕಡೆ ಆ ಸಾಹಸ ಬೇಡ. ಅಂಗಡಿಯ ಸೈಲೇಜ್ ಕಲ್ಚರ್ ಹಾಕುವುದಾದರೆ ಪೊಟ್ಟಣದ ಅಳತೆಯಂತೆ, ಕ್ಲೋರಿನ್ ಇಲ್ಲದ ನೀರಿನಲ್ಲಿ ಕರಗಿಸಿ, ಅಂದೇ ಮುಗಿಸಿ. ಅದರಿಂದ ಲಾಭ ಇದೆ, ಆದರೆ ಸರಿಯಾಗಿ ತುಳಿಯದ ಚೀಲವನ್ನು ಯಾವ ಪುಡಿಯೂ ಕಾಪಾಡುವುದಿಲ್ಲ.

ಚೀಲ ತುಂಬುವುದು

ಹೊರಗೆ ಹೆಣೆದ ಚೀಲ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ. ಗಾಳಿ ತಡೆಯುವುದು ಒಳಗಿನದು. ಅದರೊಳಗೆ ಗಾಳಿ ತುಂಬಿ, ಬಾಯಿ ಹಿಡಿದು ಒತ್ತಿ ನೋಡಿ. ಎಲ್ಲಾದರೂ ಸುಯ್ ಎಂದರೆ ಆ ಹಾಳೆ ಬೇಡ. ಚೀಲ ಕೂರಿಸುವ ಜಾಗ ನೆರಳಿನಲ್ಲಿರಲಿ, ಕೂಳೆ, ಕಲ್ಲಿನ ಚೂರು ಇಲ್ಲದಂತೆ ಗುಡಿಸಿ ಎರಡು ಅಂಗುಲ ಮರಳು ಹರಡಿ. ತುಂಬುವುದೂ ಅಲ್ಲೇ. 500 ಕೆ.ಜಿ. ಚೀಲವನ್ನು ಆಮೇಲೆ ಎಳೆದಾಡಿದರೆ ತಳ ಹರಿಯುತ್ತದೆ.

ಒಂದು ಸಲಕ್ಕೆ ಅರ್ಧ ಅಡಿಯಷ್ಟೇ ಹಾಕಿ, ಕಾಲು ತೊಳೆದವರೊಬ್ಬರು ಒಳಗಿಳಿದು ತುಳಿಯಲಿ. ನಡುವೆ ತುಳಿಯುವುದು ಸುಲಭ, ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಕೆಡುವುದು ಮಾತ್ರ ಅಂಚಿನಲ್ಲಿ. ಅಂಚಿಗೆ ಹಿಮ್ಮಡಿಯಿಂದ ಒತ್ತುತ್ತ ಎರಡು ಸುತ್ತು ಬಂದು, ಆಮೇಲೆ ನಡುವಿಗೆ ಬನ್ನಿ. ಹೆಬ್ಬೆರಳು ಒತ್ತಿದರೆ ಸುಲಭಕ್ಕೆ ಇಳಿಯದಷ್ಟು ಬಿಗಿಯಾದ ಮೇಲೆ ಮುಂದಿನ ಪದರ. ಮೊದಲ ಚೀಲ ತುಂಬುವಾಗ ಮಂಕರಿಗಳನ್ನು ತೂಗಿ ಹಾಕಿ. ಬಾಯಿ ತನಕ ತುಂಬಿಯೂ 400 ಕೆ.ಜಿ. ದಾಟದಿದ್ದರೆ ತುಳಿತ ಸಾಲದು, ಮುಂದಿನ ಚೀಲಕ್ಕೆ ಪದರ ತೆಳುವಾಗಿಸಿ.

ತುಂಬಿದ ಮೇಲೆ ಒಳಹಾಳೆಯ ಬಾಯನ್ನು ಒಟ್ಟುಗೂಡಿಸಿ, ಇಬ್ಬರು ಎದೆಯಿಂದ ಒತ್ತಿ ಗಾಳಿ ಹೊರಡಿಸಿ, ಹುರಿಯಂತೆ ತಿರುಚಿ, ಮಡಚಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಎರಡು ಕಡೆ ಬಿಗಿಯಿರಿ. ಸೆಣಬಿನ ಹಗ್ಗ ಸಡಿಲವಾಗುತ್ತದೆ, ಟ್ಯೂಬ್ ಸಡಿಲವಾಗದು. ಮೇಲೆ ಮರಳು ಚೀಲವೊಂದನ್ನು ಇಡಿ. ಒಂದೆರಡು ದಿನದಲ್ಲಿ ಚೀಲ ಉಬ್ಬಿದರೆ ಗಾಬರಿಯಾಗಿ ಚುಚ್ಚಬೇಡಿ. ಒಳಗೆ ಹುಟ್ಟುವ ಅನಿಲ ಅದು, ತಾನೇ ಇಳಿಯುತ್ತದೆ.

ಗುಂಡಿಯಾದರೆ

ನೀರು ನಿಲ್ಲದ ಎತ್ತರದ ಜಾಗ, ಗೋಡೆ ಮೇಲ್ಮುಖವಾಗಿ ಸ್ವಲ್ಪ ಅಗಲವಾಗುವಂತೆ ಓರೆ. ತಳಕ್ಕೂ ಗೋಡೆಗೂ ಹಾಳೆ ಹಾಸಿ, ಅರ್ಧ ಅಡಿಯ ಪದರಗಳಲ್ಲಿ ತುಳಿಯುತ್ತ ಬಂದು, ನೆಲಮಟ್ಟದಿಂದ ಎರಡು ಅಡಿ ಮೇಲಕ್ಕೆ ದಿಬ್ಬದಂತೆ ಏರಿಸಿ. ಆಮೇಲೆ ಅದು ಕುಗ್ಗುತ್ತದೆ. ಕುಗ್ಗಿ ತಗ್ಗಾದರೆ ಮಳೆ ನೀರು ನಿಲ್ಲುತ್ತದೆ, ಅದಕ್ಕೇ ದಿಬ್ಬ. ಮೇಲೆ ಹಾಳೆ ಹೊದಿಸಿ ಅರ್ಧ ಅಡಿ ಮಣ್ಣು ಏರಿಸಿ, ಸುತ್ತ ಕಾಲುವೆ ತೆಗೆಯಿರಿ.

ಮುಚ್ಚಿದ ಮೂರು ವಾರ ಗುಂಡಿಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಹುಳಿಯುವಾಗ ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಹುಟ್ಟಿ ತಗ್ಗಿನಲ್ಲಿ ಕೂರುತ್ತದೆ. ಕೆಲವೊಮ್ಮೆ ಹಳದಿ ಮಿಶ್ರಿತ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಕೂಡ ಬರುತ್ತದೆ, ಅದು ಶ್ವಾಸಕೋಶವನ್ನೇ ಸುಡುತ್ತದೆ. ಅರ್ಧ ತುಂಬಿದ ಆಳದ ಗುಂಡಿಗೆ ಮಾರನೇ ಬೆಳಿಗ್ಗೆ ಒಬ್ಬರೇ ಇಳಿಯುವುದು ಅಪಾಯ.

ಕಾಯುವ 45 ದಿನ

ಮೊದಲ ಒಂದೆರಡು ದಿನ ಮೇವು ಉಳಿದ ಗಾಳಿಯನ್ನು ಉಸಿರಾಡಿ ಮುಗಿಸುತ್ತದೆ, ಸ್ವಲ್ಪ ಬೆಚ್ಚಗಾಗುತ್ತದೆ. ನಂತರ ಮೊಸರು ಹೆಪ್ಪಾಗಿಸುವ ಬಳಗದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಮೂರು ವಾರದೊಳಗೆ ಹುಳಿ ಏರಿ ಪಿಎಚ್ 4ರ ಆಸುಪಾಸಿಗೆ ಇಳಿದು ಮೇವು ನೆಲೆ ನಿಲ್ಲುತ್ತದೆ. 45 ದಿನ ಬಿಡಿ. ತೀರಾ ತೊಂದರೆಯಾದರೆ 30 ದಿನಕ್ಕೆ ಒಂದು ಚೀಲ ತೆರೆಯಬಹುದು.

ಈ ದಿನಗಳಲ್ಲಿ ಮಾಡುವ ಕೆಲಸ ಒಂದೇ, ವಾರಕ್ಕೊಮ್ಮೆ ಸುತ್ತು ಹಾಕಿ ತೂತು ಹುಡುಕುವುದು. ಇಲಿ ತಳದಲ್ಲಿ ಕೊರೆಯುತ್ತದೆ, ಕಾಗೆ ಮೇಲೆ ಕುಕ್ಕುತ್ತದೆ. ಸಿಕ್ಕ ತೂತನ್ನು ಒರೆಸಿ, ಒಣಗಿಸಿ, ಅಗಲದ ಟೇಪು ಹಚ್ಚಿ. ಕಡಲೆಕಾಳಿನಷ್ಟು ತೂತೂ ಒಂದು ಮಂಕರಿ ಮೇವನ್ನು ಬೂಷ್ಟು ಹಿಡಿಸುತ್ತದೆ.

ತೆರೆದಾಗ ನೋಡುವುದು

ಮೂಗೇ ಮೊದಲ ಪರೀಕ್ಷಕ. ಹುಳಿ ಮಜ್ಜಿಗೆಯ, ಸ್ವಲ್ಪ ಹಣ್ಣಿನ ವಾಸನೆ, ಹಳದಿ ಬೆರೆತ ಮಂಕು ಹಸಿರು ಬಣ್ಣ ಇದ್ದರೆ ಚೆನ್ನಾಗಿದೆ. ಕೈಯಲ್ಲಿ ಹಿಡಿದರೆ ಜೊಳಜೊಳ ಅನ್ನದೆ ಎಲೆ, ದಂಟು, ಕಾಳು ಬಿಡಿಬಿಡಿಯಾಗಿ ಗುರುತು ಸಿಗಬೇಕು. ಸುಟ್ಟ ಬೆಲ್ಲದ, ಹೊಗೆಸೊಪ್ಪಿನ ವಾಸನೆ ಬಂದು ಕಂದಾಗಿದ್ದರೆ ಒಳಗೆ ಕಾವು ಏರಿದೆ. ಹಸು ಇಷ್ಟಪಟ್ಟೇ ತಿನ್ನುತ್ತದೆ, ಆದರೆ ಅದರ ಪ್ರೋಟೀನ್ ದಕ್ಕುವುದಿಲ್ಲ. ಕೊಳೆತ ತುಪ್ಪದ ನಾತ, ಲೋಳೆ ಇದ್ದರೆ ನೀರು ಹೆಚ್ಚಾಗಿತ್ತು. ಬಿಳಿ, ನೀಲಿ ಬೂಷ್ಟು ಕಂಡರೆ ಆ ಭಾಗವನ್ನಷ್ಟೇ ಕೆರೆಯದೆ ಸುತ್ತ ಒಂದು ಗೇಣು ಸೇರಿಸಿ ತೆಗೆದು ತಿಪ್ಪೆಗೆ ಹಾಕಿ. ಬೂಷ್ಟಿನ, ಮಣ್ಣು ಬೆರೆತ ಸೈಲೇಜಿನಿಂದ ಗಬ್ಬದ ಹಸು ಕಂದು ಹಾಕಿಬಿಡಬಹುದು.

ತೆಗೆದಾದ ಮೇಲೆ ಪ್ರತಿ ಸಲ ಬಾಯಿ ಕಟ್ಟಬೇಕು. ಬೆಳಿಗ್ಗೆ ಕೈಯನ್ನು ಮೇವಿನೊಳಗೆ ಮೊಣಕೈ ತನಕ ತೂರಿಸಿ ನೋಡಿ. ಬಿಸಿ ತಾಗಿದರೆ ಗಾಳಿ ಒಳಹೊಕ್ಕಿದೆ, ಆ ಚೀಲವನ್ನು ಒಂದೆರಡು ದಿನದಲ್ಲಿ ಮುಗಿಸಿ.

ತಿನ್ನಿಸುವುದು

ಮೊದಲ ದಿನ ಹಸುವಿಗೆ 2 ಕೆ.ಜಿ. ಹಳೆಯ ಮೇವಿನ ಜೊತೆ ಬೆರೆಸಿ ಕೊಡಿ. ದಿನಕ್ಕೆ ಒಂದೂವರೆ ಕೆ.ಜಿ.ಯಂತೆ ಏರಿಸುತ್ತ ಹತ್ತು ದಿನಕ್ಕೆ 15 ಮುಟ್ಟಿಸಿ. ಒಮ್ಮೆಗೇ ಹೊಟ್ಟೆ ತುಂಬ ಹಾಕಿದರೆ ಮೆಲುಕು ನಿಂತು, ಸಗಣಿ ತೆಳ್ಳಗಾಗಿ, ಹಾಲಿನ ಫ್ಯಾಟ್ ಇಳಿಯುತ್ತದೆ. ಡೇರಿಯ ಚೀಟಿಯಲ್ಲಿ ಫ್ಯಾಟ್ ಇಳಿದದ್ದು ಕಂಡರೆ ಸೈಲೇಜನ್ನು ದೂರುವ ಮೊದಲು ಒಣಹುಲ್ಲು ಎಷ್ಟು ಹೋಗುತ್ತಿದೆ ನೋಡಿ. ಹಸುವೊಂದಕ್ಕೆ 3ರಿಂದ 5 ಕೆ.ಜಿ. ರಾಗಿಹುಲ್ಲು ಇರಲೇಬೇಕು.

ಜೋಳದ ಸೈಲೇಜಿನಲ್ಲಿ ಶಕ್ತಿ ಉಂಟು, ಪ್ರೋಟೀನ್ ಕಡಿಮೆ. ಒಣತೂಕದ ಲೆಕ್ಕದಲ್ಲಿ ಶೇ. 7ರಿಂದ 9 ಅಷ್ಟೇ. ಅದಕ್ಕೇ ಹಿಂಡಿಯನ್ನು ನಿಲ್ಲಿಸುವಂತಿಲ್ಲ. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಅಲಸಂದೆ ಬಳ್ಳಿ, ಯಾವುದು ಕೈಗೆಟುಕುತ್ತದೋ ಅದು ಜೊತೆಗಿರಲಿ. ಖನಿಜ ಮಿಶ್ರಣವೂ ದಿನಕ್ಕೆ 50 ಗ್ರಾಂ. ಕಡಸುಗಳಿಗೆ 5ರಿಂದ 8 ಕೆ.ಜಿ. ಸಾಕು. ಮೂರು ತಿಂಗಳೊಳಗಿನ ಕರುವಿಗೆ ಬೇಡ.

ಹಾಲು ಕರೆದ ಮೇಲೆ ಹಾಕಿ, ಕರೆಯುವ ಮುಂಚೆ ಹಾಕಿದರೆ ಹಾಲಿಗೆ ವಾಸನೆ ಹತ್ತುತ್ತದೆ. ಸಂಜೆಯದನ್ನು ಬೆಳಿಗ್ಗೆಯೇ ತೆಗೆದು ಕೊಟ್ಟಿಗೆಯ ಮೂಲೆಯಲ್ಲಿ ಗುಡ್ಡೆ ಹಾಕುವ ಅಭ್ಯಾಸವೂ ಬೇಡ, ಮಧ್ಯಾಹ್ನದೊಳಗೆ ಅದು ಬಿಸಿಯಾಗುತ್ತದೆ. ಗೋದಲಿಯಲ್ಲಿ ಉಳಿದದ್ದನ್ನು ದಿನವೂ ಗುಡಿಸಿ ತೆಗೆಯಿರಿ, ಹಳೆಯ ಹುಳಿಯ ಮೇಲೆ ಹೊಸದು ಹಾಕಿದರೆ ಹಸು ಮೂಸಿ ಬಿಡುತ್ತದೆ. ಖಾಲಿಯಾದ ಹೊರಚೀಲವನ್ನು ತೊಳೆದು ಬಿಸಿಲಿಗೆ ಒಣಗಿಸಿ ಮುಂದಿನ ವರ್ಷಕ್ಕೆ ಎತ್ತಿಡಬಹುದು. ಒಳಹಾಳೆ ಮಾತ್ರ ಪ್ರತಿ ವರ್ಷ ಹೊಸದು.